ಮೊದಲು ತರಗೆಲೆ, ಆಮೇಲೆ ಕಪ್ಪೆ

ಕಪ್ಪೆ ಸಾಕಬೇಕೆಂದು ಆಸೆಪಡುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಮೊದಲು ತೇವವನ್ನು ಸಾಕಿ ನೋಡಿ. ನಾಯಿಗೆ ಜಗಲಿ ಸಾಕು, ಬೆಕ್ಕಿಗೆ ಅಡುಗೆಮನೆ ಸಾಕು, ಹಸುವಿಗೆ ಕೊಟ್ಟಿಗೆ ಸಾಕು. ಕಪ್ಪೆಗೆ ಹಾಗಲ್ಲ, ಅದಕ್ಕೆ ಇಡೀ ಒಂದು ಪರಿಸರವೇ ಬೇಕು. ಒದ್ದೆ ಮಣ್ಣು, ಕೊಳೆಯುವ ಎಲೆ, ಎಲೆಯಡಿ ಹರಿದಾಡುವ ಸಣ್ಣಸಣ್ಣ ಹುಳ, ಔಷಧಿ ಬೆರೆಯದ ನೀರು, ಸುಡದ ಗಾಳಿ ಇಷ್ಟೂ ಇದ್ದರೆ ಕಪ್ಪೆ ಬದುಕುತ್ತದೆ. ಒಂದು ತಪ್ಪಿದರೂ ಉಳಿಯುವುದು ಕಷ್ಟ. ಈ ಮಾತು ನನಗೆ ಮನದಟ್ಟಾಗಿದ್ದು ದಕ್ಷಿಣ ಅಮೆರಿಕದ ಒಂದು ಪುಟ್ಟ ಕಪ್ಪೆಯ ದೆಸೆಯಿಂದ, ಅದೂ ದೊಡ್ಡಬಳ್ಳಾಪುರದಲ್ಲಿ ಕೂತು.

ನನ್ನ ಅಕ್ಕನ ಮಗ ಪಿಯುಸಿ ಓದುವ ಹುಡುಗ. ಮೀನಿನ ತೊಟ್ಟಿ ಇಟ್ಟು ಪಳಗಿದ ಕೈ ಅವನದು. ಅವನೇ ಮೊಬೈಲ್ ಹಿಡಿದುಕೊಂಡು ಬಂದು, “ಮಾಮ, ಇಲ್ನೋಡು, ಡಾರ್ಟ್ ಕಪ್ಪೆ. ನಮ್ಮನೇಲಿ ಸಾಕ್ಬೋದಾ?” ಎಂದು ಕೇಳಿದ. ಕಡುನೀಲಿ ಮೈ, ಅದರ ಮೇಲೆ ಮಸಿಯ ಚುಕ್ಕೆ. ಪಕ್ಕದ ಚಿತ್ರದಲ್ಲಿ ಹಳದಿ-ಕಪ್ಪು ಪಟ್ಟೆಯದು, ಅದರಾಚೆ ಹಸಿರು-ಕಪ್ಪಿನದು. ನಮ್ಮಮ್ಮ ಕನ್ನಡಕ ಏರಿಸಿಕೊಂಡು ನೋಡಿ, “ಯಾರೋ ಬಣ್ಣ ಬಳ್ದವ್ರೆ ಕಣೋ ಇದಕ್ಕೆ” ಎಂದರು. ಯಾರೂ ಬಳಿದದ್ದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಈ ವಂಶದ ಕಪ್ಪೆಗಳು ಸುಮಾರು ಇನ್ನೂರು ಬಗೆಯವು ಇವೆ. ಹಲವು ಜಾತಿಗಳು ಮೂರ್ನಾಲ್ಕು ಸೆಂಟಿಮೀಟರ್ ಕೂಡ ದಾಟುವುದಿಲ್ಲ. ನಮ್ಮ ಕಪ್ಪೆಗಳಲ್ಲಿ ಹೆಚ್ಚಿನವು ಕತ್ತಲಾದ ಮೇಲೆ ಹೊರಬಂದರೆ ಇವು ಹಗಲು ಹೊತ್ತಿನಲ್ಲೇ ಓಡಾಡುತ್ತವೆ. ‘ನಾನು ವಿಷ, ಹತ್ತಿರ ಬರಬೇಡ’ ಎಂದು ಸಾರುವ ಬಣ್ಣ ಮೈಮೇಲಿರುವಾಗ ಅವಕ್ಕೆ ಅಡಗುವ ಅಗತ್ಯವೇ ಇಲ್ಲ.

ಹುಡುಗನ ಪ್ರಶ್ನೆಗೆ ನಾನು ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಇಬ್ಬರೂ ಕೂತು ಓದಲು ಶುರು ಮಾಡಿದೆವು. ಓದಿದಷ್ಟೂ ನನ್ನ ಬೆರಗು ಹೆಚ್ಚುತ್ತಾ ಹೋಯಿತು.

ಮೊದಲು ಆ ವಿಷದ ಕಥೆ. ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಕಾಡಿನಲ್ಲಿ ಹೊನ್ನಬಣ್ಣದ ಒಂದು ಕಪ್ಪೆಯಿದೆ. ವಿಜ್ಞಾನಿಗಳು 1978ರಲ್ಲಿ ಅದಕ್ಕೆ ಫಿಲೋಬೇಟಿಸ್ ಟೆರಿಬಿಲಿಸ್ ಎಂದು ಹೆಸರಿಟ್ಟರು. ಅಲ್ಲಿನ ಎಂಬೆರಾ ಜನ ಊದುಗೊಳವೆಯ ಮುಳ್ಳನ್ನು ಈ ಕಪ್ಪೆಯ ಬೆನ್ನಿಗೆ ಸವರಿ ಬೇಟೆಗೆ ಹೋಗುತ್ತಿದ್ದರು. ಡಾರ್ಟ್ ಕಪ್ಪೆ, ಅಂದರೆ ಊದುಮುಳ್ಳಿನ ಕಪ್ಪೆ ಎಂಬ ಹೆಸರು ಹುಟ್ಟಿದ್ದೇ ಅಲ್ಲಿಂದ. ಆದರೆ ಮುಳ್ಳಿಗೆ ಹಾಗೆ ವಿಷ ಸವರಲು ಬಳಕೆಯಾದವು ಬೆರಳೆಣಿಕೆಯ ಜಾತಿಗಳು ಮಾತ್ರ, ಉಳಿದವಕ್ಕೆ ಸುಮ್ಮನೆ ಹೆಸರು ಅಂಟಿಕೊಂಡಿದೆ. ಅಮೆರಿಕದ ರಸಾಯನ ವಿಜ್ಞಾನಿ ಜಾನ್ ಡೇಲಿ ತಮ್ಮ ವೃತ್ತಿಜೀವನದ ಬಹುಪಾಲನ್ನು ಈ ಕಪ್ಪೆಗಳ ಚರ್ಮದಲ್ಲಿ ಏನಿದೆಯೆಂದು ಹುಡುಕುವುದಕ್ಕೇ ಮುಡಿಪಿಟ್ಟರು. ಈಕ್ವೆಡಾರ್‌ನ ಒಂದು ಸಣ್ಣ ಕಪ್ಪೆಯಿಂದ ಅವರು 1974ರಲ್ಲಿ ತಂದ ಸಾರದಲ್ಲಿ ಎಪಿಬ್ಯಾಟಿಡಿನ್ ಎಂಬ ವಸ್ತು ಇತ್ತು. ಅದರ ರಚನೆ ತಿಳಿಯಲು 1992ರವರೆಗೆ ಕಾಯಬೇಕಾಯಿತು. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಮಾರ್ಫಿನ್‌ಗಿಂತ ಸುಮಾರು ಇನ್ನೂರು ಪಟ್ಟು ಬಲವಾಗಿ ನೋವನ್ನು ತಗ್ಗಿಸಿತು. ಆದರೆ ನೋವಿನ ಜೊತೆಗೆ ಜೀವವನ್ನೂ ತೆಗೆಯುವಷ್ಟು ಉಗ್ರವಾದ್ದರಿಂದ ಔಷಧಿಯಾಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಸಂಗತಿ. ಇದೇ ಕಪ್ಪೆಗಳು ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದರೆ ಅವುಗಳ ಮೈಯಲ್ಲಿ ಆ ವಿಷ ಇರುವುದೇ ಇಲ್ಲ! ವಿಷವನ್ನು ಕಪ್ಪೆ ತಾನಾಗಿ ತಯಾರಿಸುವುದಿಲ್ಲ. ಕಾಡಿನ ತರಗೆಲೆಯಲ್ಲಿ ಅದು ಹೆಕ್ಕಿ ತಿನ್ನುವ ಇರುವೆ, ನುಸಿ, ಸಣ್ಣ ಜೀರುಂಡೆಗಳಲ್ಲಿರುವ ಆಲ್ಕಲಾಯ್ಡ್ ಎಂಬ ವಿಷವಸ್ತುಗಳು ಒಟ್ಟುಗೂಡಿ ಚರ್ಮಕ್ಕೆ ಬರುತ್ತವೆ. ಆ ಕಾಡು ತಪ್ಪಿತೋ, ಆ ಇರುವೆ ತಪ್ಪಿತು. ಇರುವೆ ತಪ್ಪಿದರೆ ವಿಷವೂ ಇಲ್ಲ. ಕಾಲಡಿಯ ಎಲೆರಾಶಿಯೇ ಆ ಕಪ್ಪೆಯನ್ನು ಕಾಯುವ ಆಯುಧವಾಗಿದೆ. ಒಂದು ಜೀವಿ ತನ್ನ ನೆಲಕ್ಕೆ ಇಷ್ಟು ಆಳವಾಗಿ ಋಣಿಯಾಗಿರುವುದನ್ನು ನಾನು ಬೇರೆಲ್ಲೂ ಓದಿರಲಿಲ್ಲ.

ಸಾಕುವ ಕ್ರಮವೂ ಇದೇ ಪಾಠವನ್ನು ಹೇಳುತ್ತದೆ. ತಿಳಿದವರು ಹೊಸಬರಿಗೆ ಹೇಳುವ ಮೊದಲ ಸೂಚನೆಯೇ ಕಪ್ಪೆ ತರಬೇಡ, ಪೆಟ್ಟಿಗೆ ಕಟ್ಟು ಎಂದು. ಅಗಲ, ಆಳ, ಎತ್ತರ ತಲಾ 45 ಸೆಂಟಿಮೀಟರ್ ಇರುವ ಗಾಜಿನ ಪೆಟ್ಟಿಗೆ ಒಂದು ಜೋಡಿಗೆ ಸಾಕು. ತಳದಲ್ಲಿ ನೀರು ಬಸಿಯಲು ಹಗುರ ಜಲ್ಲಿ, ಮೇಲೊಂದು ಜಾಲರಿ, ಅದರ ಮೇಲೆ ತೆಂಗಿನ ನಾರಿನ ಪುಡಿ, ಇದ್ದಿಲು, ಮರದ ತೊಗಟೆ ಬೆರೆಸಿದ ಮಣ್ಣು, ಕೊನೆಗೆ ದಪ್ಪನಾಗಿ ತರಗೆಲೆ. ವಿದೇಶದ ಸಾಕಣೆಗಾರರು ಬೆಲೆ ಕೊಟ್ಟು ತರಿಸುವ ಎಲೆ ಯಾವುದು ಗೊತ್ತೆ? ನಮ್ಮ ರಸ್ತೆ ಬದಿಯಲ್ಲಿ ಉದುರಿ ಬಿದ್ದಿರುವ ಕಾಡುಬಾದಾಮಿಯ ಎಲೆ. ಗಿಡಗಳ ಪೈಕಿ ಅನಾನಸ್ ವಂಶದ ಬ್ರೊಮೆಲಿಯಾಡ್ ಬಲು ಮುಖ್ಯ. ಅದರ ಎಲೆಗಳ ಬುಡದಲ್ಲಿ ನಿಲ್ಲುವ ನೀರೇ ಹಲವು ಡಾರ್ಟ್ ಕಪ್ಪೆಗಳಿಗೆ ತೊಟ್ಟಿಲು. ಮೊಟ್ಟೆಯೊಡೆದ ಗೊದಮೊಟ್ಟೆಗಳನ್ನು ಅನೇಕ ಜಾತಿಗಳಲ್ಲಿ ಅಪ್ಪನೇ ಬೆನ್ನ ಮೇಲೆ ಹೊತ್ತು ಅಂಥ ನೀರಿಗೆ ಇಳಿಸಿ ಬರುತ್ತದೆ. ಕೆಲವು ಜಾತಿಗಳಲ್ಲಿ ತಾಯಿ ಮತ್ತೆ ಮತ್ತೆ ಅಲ್ಲಿಗೆ ಹೋಗಿ, ಫಲಿಸದ ಮೊಟ್ಟೆಯನ್ನಿಟ್ಟು ಮರಿಗೆ ಉಣಿಸುತ್ತದೆ.

ಪೆಟ್ಟಿಗೆ ಸಿದ್ಧವಾದ ಮೇಲೆ ಕಪ್ಪೆಗಿಂತ ಮೊದಲು ಸ್ಪ್ರಿಂಗ್‌ಟೇಲ್ ಎಂಬ ಹುಳಗಳನ್ನು ಬಿಡಬೇಕು. ಇದನ್ನು ನಾವು ಮಾಡಿಯೇ ನೋಡಿದೆವು. ಕಾಂಪೋಸ್ಟ್ ಗುಂಡಿಯ ಅಂಚಿನ ಒದ್ದೆ ತೊಗಟೆಯೊಂದನ್ನು ಹುಡುಗ ಎತ್ತಿ ಕೊಡವಿದ. ಇದ್ದಿಲ ಚೂರು ತುಂಬಿದ ಡಬ್ಬಿಗೆ ಒಂದಷ್ಟು ಬಿಳಿ ಚುಕ್ಕೆಗಳು ಬಿದ್ದವು. ಮುಚ್ಚಳ ಹಾಕಿ, ನಾಲ್ಕಾರು ಅಕ್ಕಿಕಾಳು ಉದುರಿಸಿ, ನೆರಳಿನಲ್ಲಿಟ್ಟ. ಕೆಲವು ವಾರಗಳ ನಂತರ ಡಬ್ಬಿಗೆ ನೀರು ಹುಯ್ದಾಗ ಸುಣ್ಣದ ಪುಡಿ ಚೆಲ್ಲಿದಂತೆ ನೀರಿನ ಮೇಲೆಲ್ಲ ಅವೇ ತೇಲಿದವು. ಭೂತಗನ್ನಡಿ ಹಿಡಿದರೆ ಒಂದೊಂದಕ್ಕೂ ಹೊಟ್ಟೆಯಡಿ ಮಡಿಸಿದ ಕವಲುಬಾಲ ಕಾಣುತ್ತದೆ. ಅದನ್ನು ಒದ್ದು ಅವು ಚಿಮ್ಮುತ್ತವೆ. ಬೂಷ್ಟು ತಿನ್ನುವುದು ಅವುಗಳ ಕಸುಬು, ಕಪ್ಪೆಗೆ ತುತ್ತಾಗುವುದು ಅವುಗಳ ಪಾಲು. ಇವು ಪೆಟ್ಟಿಗೆಯಲ್ಲಿ ನೆಲೆಯೂರಿದರೆ ಮಣ್ಣು ಬದುಕಿದೆ ಎಂದರ್ಥ. ದೊಡ್ಡ ಕಪ್ಪೆಗಳಿಗೆ ಇಷ್ಟೇ ಸಾಲದು. ಹಾರಲಾರದ ತಳಿಯ ಹಣ್ಣಿನ ನೊಣವನ್ನು ಬಾಳೆಹಣ್ಣು, ಯೀಸ್ಟ್ ಹಾಕಿದ ಬಾಟಲಿಯಲ್ಲಿ ಬೆಳೆಸಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ಒಂದು ಬಾಟಲಿ ತಯಾರಾಗಲು ಹೆಚ್ಚುಕಡಿಮೆ ಎರಡು ವಾರ. ಆದ್ದರಿಂದ ಒಂದು ಖಾಲಿಯಾಗುವ ಮೊದಲೇ ಇನ್ನೊಂದು ತಯಾರಿರಬೇಕು. ಚೆನ್ನಾಗಿ ನೋಡಿಕೊಂಡರೆ ಈ ಕಪ್ಪೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಅಷ್ಟು ವರ್ಷವೂ ಬಾಟಲಿಯ ಸಾಲು ತುಂಡಾಗಬಾರದು.

ಇನ್ನು ನಮ್ಮ ಬಿಸಿಲು. ಡಾರ್ಟ್ ಕಪ್ಪೆಗೆ 22ರಿಂದ 26 ಡಿಗ್ರಿ ಹಿತ. 30 ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಗಾಳಿಯಲ್ಲಿ ತೇವ ಸದಾ ಶೇಕಡ 80ರ ಆಸುಪಾಸಿನಲ್ಲಿರಬೇಕು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 35 ಡಿಗ್ರಿ ದಾಟುತ್ತದೆ. ಕರೆಂಟು ಹೋಗುವುದೂ ಅದೇ ಹೊತ್ತಿಗೆ. ಪೆಟ್ಟಿಗೆಗೆ ಸಿಂಪಡಿಸುವ ನೀರಿನದೂ ಸುಲಭದ ಮಾತಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್, ಸಾವಿರ ಅಡಿ ಇಳಿದ ಬೋರ್‌ವೆಲ್ ನೀರಿನಲ್ಲಿ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುವಷ್ಟು ಉಪ್ಪು. ಕಪ್ಪೆ ನೀರನ್ನು ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ನೀರಿನಲ್ಲಿ ಏನಿದೆಯೋ ಅದೆಲ್ಲ ನೇರ ಮೈಯೊಳಗೆ. ಹಾಗಾಗಿ ನಾವು ಚಾವಣಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಕಪ್ಪೆಯಿಲ್ಲದ ಆ ಪೆಟ್ಟಿಗೆಯನ್ನು ಒಂದು ಬೇಸಿಗೆಯುದ್ದಕ್ಕೂ ತಂಪಾಗಿ, ಒದ್ದೆಯಾಗಿ ಕಾಪಾಡಿದೆವು. ಹುಡುಗನಿಗೆ ನಾನಿಟ್ಟ ಷರತ್ತು ಅದು. ಅವನು ದಿನಕ್ಕೆರಡು ಸಲ ಉಷ್ಣಾಂಶ ಬರೆದಿಟ್ಟುಕೊಂಡ.

ಕಾನೂನನ್ನೂ ಅಷ್ಟೇ ಶ್ರದ್ಧೆಯಿಂದ ಓದಿದೆವು. ಡೆಂಡ್ರೊಬೇಟಿಸ್, ಫಿಲೋಬೇಟಿಸ್ ಮುಂತಾದ ಡಾರ್ಟ್ ಕಪ್ಪೆ ಕುಲಗಳು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಸೈಟಿಸ್ ಪಟ್ಟಿಯ ಜೀವಿಗಳನ್ನು ಅದರ ನಾಲ್ಕನೆಯ ಅನುಸೂಚಿಗೆ ಸೇರಿಸಲಾಯಿತು. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿಯಾದರೆ, ಸತ್ತರೆ, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಕಾಗದವಿಲ್ಲದ ಕಪ್ಪೆ ಎಷ್ಟೇ ಚೆಲುವಾಗಿದ್ದರೂ ಅದು ಕದ್ದ ಮಾಲು.

ಕದ್ದ ಮಾಲಿನ ದಾರಿ ನಮ್ಮ ಜಿಲ್ಲೆಗೆ ದೂರದ ಸಂಗತಿಯಲ್ಲ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಒಬ್ಬ ಪ್ರಯಾಣಿಕರ ಸಾಮಾನಿನೊಳಗೆ ಕಸ್ಟಮ್ಸ್ ಅಧಿಕಾರಿಗಳಿಗೆ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಗೋಸುಂಬೆ, ಇಗುವಾನ, ಆಮೆ ಎಲ್ಲವೂ ಇದ್ದವು. ಜೊತೆಗಿದ್ದ ಕಾಂಗರೂ ಮರಿಯೊಂದು ಉಸಿರುಗಟ್ಟಿ ಸತ್ತಿತ್ತು. ಹುಡುಗನಿಗೆ ಆ ಸುದ್ದಿ ಓದಿ ಹೇಳಿದಾಗ ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಕೊಳ್ಳುವವರ ಆಸೆ ಇಲ್ಲದೆ ಅಂಥ ಪೆಟ್ಟಿಗೆ ತುಂಬುವುದಿಲ್ಲ ಎಂಬುದು ಅವನಿಗೆ ಬಿಡಿಸಿ ಹೇಳದೆಯೇ ತಿಳಿಯಿತು.

ಇದಕ್ಕಿಂತ ಭಯ ಹುಟ್ಟಿಸಿದ್ದು ಒಂದು ರೋಗದ ಸಂಗತಿ. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ಪ್ರಪಂಚದಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಉಭಯವಾಸಿಗಳನ್ನು ಕುಗ್ಗಿಸಿದೆ. 90ರಷ್ಟು ಬಗೆಗಳು ನಿರ್ನಾಮವಾಗಿರಬೇಕೆಂದು 2019ರ ಅಧ್ಯಯನವೊಂದು ಅಂದಾಜು ಮಾಡಿತು. ಆ ಶಿಲೀಂಧ್ರವನ್ನು ಬೇರ್ಪಡಿಸಿ 1999ರಲ್ಲಿ ಮೊದಲ ಬಾರಿ ವಿವರಿಸಿದ್ದು ವಾಷಿಂಗ್ಟನ್ ಮೃಗಾಲಯದಲ್ಲಿ ಸತ್ತ ಒಂದು ನೀಲಿ ಡಾರ್ಟ್ ಕಪ್ಪೆಯಿಂದ! ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಅದು ಕಾಣಿಸಿಕೊಂಡಿರುವುದು 2011ರಲ್ಲಿ ವರದಿಯಾಗಿದೆ. ಆದ್ದರಿಂದ ಪೆಟ್ಟಿಗೆ ತೊಳೆದ ನೀರನ್ನು ಚರಂಡಿಗೋ ಕೆರೆಗೋ ಚೆಲ್ಲುವಂತಿಲ್ಲ, ಸಾಕಿ ಸಾಕಾದ ಕಪ್ಪೆಯನ್ನು ಹೊರಗೆ ಬಿಡುವ ಮಾತಂತೂ ಇಲ್ಲವೇ ಇಲ್ಲ. ಮನೆಯೊಳಗಿನ ಒಂದು ಪೆಟ್ಟಿಗೆಗೆ ನಮ್ಮ ಅರ್ಕಾವತಿ ನದಿ ಪಾತ್ರದ ಕಪ್ಪೆಗಳನ್ನೆಲ್ಲ ಪಣಕ್ಕಿಡಲು ನನಗೆ ಮನಸ್ಸು ಬರಲಿಲ್ಲ.

ಹಾಗೆಂದು ಹುಡುಗನ ಆಸೆಯನ್ನು ಚಿವುಟುವುದೂ ನನಗೆ ಬೇಕಿರಲಿಲ್ಲ. ಅವನು ಕಲಿತ ವಿದ್ಯೆಯೆಲ್ಲ ಸರಿಯಾದದ್ದೇ: ತೇವ, ತರಗೆಲೆ, ಮಳೆನೀರು, ಹುಳ. ಪೆಟ್ಟಿಗೆಯ ಗಾಜನ್ನು ತೆಗೆದು, ಅದೇ ವಿದ್ಯೆಯನ್ನು ಹಿತ್ತಲಿಗೆ ಹರಡಿದೆವು. ಅಜ್ಜನ ಕಾಲದಲ್ಲಿ ದನಗಳಿಗೆ ನೀರಿಡುತ್ತಿದ್ದ ಕಲ್ಲುಬಾನಿಯೊಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಹಲಸಿನ ಮರದ ನೆರಳಿಗೆ ಉರುಳಿಸಿ, ಮಳೆನೀರು ತುಂಬಿ, ಮೇಲೇರಲು ಒಂದು ಓರೆ ಕಟ್ಟಿಗೆ ಇಟ್ಟೆವು. ಸುತ್ತ ಕೆಸು ನೆಟ್ಟೆವು. ಉದುರಿದ ಎಲೆಯನ್ನು ಗುಡಿಸಿ ಸುಡುವುದನ್ನು ನಿಲ್ಲಿಸಿ ಮರದ ಬುಡಕ್ಕೇ ಒಟ್ಟಿದೆವು. ಕೀಟನಾಶಕವನ್ನು ಹಿತ್ತಲಿನೊಳಕ್ಕೆ ಬಿಡಲಿಲ್ಲ. ರಾತ್ರಿ ಉರಿಯುತ್ತಿದ್ದ ಹಿತ್ತಲ ದೀಪವನ್ನು ಆರಿಸಿದೆವು. ಬಾನಿಗೆ ಮೀನು ಬಿಡಲಿಲ್ಲ, ಅವು ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಸೊಳ್ಳೆಮರಿಗಳನ್ನು ಟೀ ಸೋಸುವ ಜಾಲರಿಯಲ್ಲಿ ದಿನವೂ ಎತ್ತಿ ಹಾಕುವುದು ಹುಡುಗನ ಕೆಲಸ. ಡೆಂಗಿ ಇರುವ ಊರಿನಲ್ಲಿ ಈ ಕೆಲಸ ಒಂದು ದಿನವೂ ತಪ್ಪಬಾರದು.

ಕೃತ್ತಿಕೆ ಮಳೆ ಹುಯ್ದು ನೆಲ ನೆನೆದ ಮೇಲೆ ಮೊದಲು ನೆಲಗಪ್ಪೆ ಬಂತು. ಆಮೇಲೆ ಹಸುವಿನ ಗೊರಸಿನ ಗುರುತಿನಲ್ಲಿ ನಿಂತ ನೀರಿನಲ್ಲಿ ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲದ ಸಣ್ಣಬಾಯಿ ಕಪ್ಪೆಗಳು ಬೀದಿಗೆಲ್ಲ ಕೇಳುವಂತೆ ಕೂಗತೊಡಗಿದವು. ಬೆಳಗ್ಗೆ ನೋಡಿದರೆ ನೀರಿನ ಮೇಲೆ ತೆಳ್ಳನೆಯ ಪದರದಲ್ಲಿ ಮೊಟ್ಟೆಗಳು. ಒಂದೇ ದಿನದ ಆಚೀಚೆಗೆ ಅವು ಒಡೆದು ಮರಿಯಾದವು. ಆ ಮರಿಗಳ ಮೈ ಎಷ್ಟು ಪಾರದರ್ಶಕವೆಂದರೆ ಒಳಗಿನ ಕರುಳಿನ ಸುರುಳಿಯೇ ಕಾಣುತ್ತದೆ. ನೀರು ಇಂಗಿಹೋಗುವ ಮುನ್ನ ಕಾಲು ಮೂಡಿಸಿಕೊಂಡು ಹೊರಡುವ ಅವಸರ ಅವಕ್ಕೆ.

ಕಲ್ಲುಬಾನಿಗೆ ಒಡೆಯನಾಗಿ ಬಂದದ್ದು ಚುಕ್ಕೆ ಮರಗಪ್ಪೆ, ನಮ್ಮ ಕಡೆ ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡು ಹೆಣ್ಣುಮಕ್ಕಳನ್ನು ಬೆಚ್ಚಿಬೀಳಿಸುವುದು ಅದೇ. ಒಂದು ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಇಬ್ಬರೂ ಕೂತು ನೋಡಿದೆವು. ಬಾನಿಯ ಒಳಗೋಡೆಯಲ್ಲಿ, ನೀರಿನಿಂದ ಒಂದು ಗೇಣು ಮೇಲೆ, ಹೆಣ್ಣು ಕಪ್ಪೆ ನಾಲ್ಕೂ ಬೆರಳಗಲಿಸಿ ಹಿಡಿದಿತ್ತು. ಗಂಡು ಚಿಕ್ಕದು, ಬೆನ್ನ ಮೇಲಿತ್ತು. ಹೆಣ್ಣು ತನ್ನ ಮೈಯಿಂದ ಬಂದ ಲೋಳೆಯನ್ನು ಹಿಂಗಾಲುಗಳಿಂದ ಕಡೆಯುತ್ತಿತ್ತು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ನಡುವೆ ನಿಂತು ಸುಧಾರಿಸಿಕೊಂಡು ಮತ್ತೆ ಶುರು. ಲೋಳೆ ನೊರೆಯಾಯಿತು, ನೊರೆ ಉಬ್ಬಿ ಮುಷ್ಟಿಯಷ್ಟಾಯಿತು, ಅದರೊಳಗೆ ಮೊಟ್ಟೆಗಳು ಸೇರಿಹೋದವು. ಬೆಳಗಾಗುವ ಹೊತ್ತಿಗೆ ಹೊರಮೈ ಒಣಗಿ ಗಟ್ಟಿಯಾಗಿತ್ತು, ಒಳಗೆ ಮಾತ್ರ ಒದ್ದೆ. ಕೆಲವು ದಿನಗಳ ನಂತರ ತಳ ಕರಗಿ ಗೊದಮೊಟ್ಟೆಗಳು ಒಂದೊಂದೇ ನೀರಿಗೆ ಉದುರಿದವು. ಪ್ರತಿಯೊಂದರ ಮೂತಿಯ ತುದಿಯಲ್ಲೂ ಒಂದು ಬಿಳಿ ಚುಕ್ಕೆ. “ಮಾಮ, ಇದೂ ಮಕ್ಕಳಿಗೆ ತೇವ ಮಾಡ್ಕೊಟ್ಟಿದೆ ನೋಡು” ಎಂದ ಹುಡುಗ. ನಾನು ಇಷ್ಟು ದಿನ ಹೇಳಲು ಹೊರಟದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ.

ಅಮೆಜಾನಿನ ಅಪ್ಪ ಮರಿಗಳನ್ನು ಹೊರುತ್ತಾನೆಂದು ಬೆರಗಾಗುವವರು ನಮ್ಮ ಉತ್ತರ ಕನ್ನಡಕ್ಕೂ ಹೋಗಿಬರಬೇಕು. ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಜಗತ್ತಿಗೆ ತಿಳಿಸಿದ ಕುಂಬಾರ ಕಪ್ಪೆ ಅಲ್ಲಿದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ತೊರೆಯ ತಳದಿಂದ ಮುಂಗೈಯಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಅಷ್ಟು ದೂರವೂ ಬೇಡ ಎಂದರೆ ಬೆಂಗಳೂರಿನ ಹೊರವಲಯವೇ ಇದೆ. ಬರಡು ಎಂದು ಎಲ್ಲರೂ ಕಡೆಗಣಿಸಿದ ಬಯಲಿನಲ್ಲಿ ಸಿಕ್ಕ ಬಿಲಗಪ್ಪೆಯೊಂದಕ್ಕೆ 2020ರಲ್ಲಿ ಸ್ಫೇರೊಥೀಕಾ ಬೆಂಗಳೂರು ಎಂದು ನಾಮಕರಣವಾಯಿತು. ವರ್ಷದ ಬಹುಪಾಲು ಮಣ್ಣೊಳಗಿದ್ದು ಮಳೆಗೆ ಮೇಲೆ ಬರುವ ಜೀವ ಅದು. ನಾವು ಬಡಾವಣೆಗೆ ಸಮತಟ್ಟು ಮಾಡುವ ಖಾಲಿ ಜಾಗದಲ್ಲಿ ವಿಜ್ಞಾನಕ್ಕೆ ಅಲ್ಲಿಯವರೆಗೆ ಗೊತ್ತೇ ಇರದಿದ್ದ ಕಪ್ಪೆ ಮಲಗಿತ್ತು ಎಂಬುದನ್ನು ನಾನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತೇನೆ. ನೆಲಮಂಗಲ, ಹೊಸಕೋಟೆಯ ಎಷ್ಟು ಹೊಲಗಳಲ್ಲಿ ಇನ್ನೇನೇನು ಮಲಗಿದೆಯೋ! ಒಂದು ಕಾಲಕ್ಕೆ ನಮ್ಮ ದೇಶ ಗದ್ದೆಯ ದಪ್ಪ ಕಪ್ಪೆಗಳ ಕಾಲು ಕತ್ತರಿಸಿ ಹೊರದೇಶಗಳ ಊಟದ ಮೇಜಿಗೆ ಕಳಿಸುತ್ತಿತ್ತು. 1987ರಲ್ಲಿ ಆ ರಫ್ತು ನಿಂತಿತು. ಈಗ ಕಾಲು ಕತ್ತರಿಸುವವರಿಲ್ಲ, ಆದರೆ ಕಾಲೂರಲು ತೇವವನ್ನೇ ಉಳಿಸುತ್ತಿಲ್ಲ.

ಡಾರ್ಟ್ ಕಪ್ಪೆಯ ಮೇಲೆ ನಿಜವಾದ ಪ್ರೀತಿಯಿದ್ದು, ಕಾಗದಪತ್ರವೆಲ್ಲ ಸರಿಯಿರುವ, ಸಾಕಿದಲ್ಲೇ ಹುಟ್ಟಿದ ಮರಿ ಸಿಕ್ಕುವವರನ್ನು ನಾನು ತಡೆಯುವುದಿಲ್ಲ. ಖಾಲಿ ಪೆಟ್ಟಿಗೆಯನ್ನು ಒಂದು ವರ್ಷ ಜೀವಂತವಾಗಿಡಿ, ಏಪ್ರಿಲ್ ದಾಟಿಸಿ, ನೊಣದ ಬಾಟಲಿ ತುಂಡಾಗದಂತೆ ನೋಡಿಕೊಳ್ಳಿ, ಆಮೇಲೆ ಮುಂದಿನ ಮಾತು ಎನ್ನುತ್ತೇನೆ. ಉಳಿದ ನಮ್ಮಂಥವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಭರಣಿ ಮಳೆಗೆ ಮೊದಲೇ ನೆರಳಿನಲ್ಲಿ ಒಂದು ಬಾನಿಯನ್ನೋ ಹಳೆಯ ಸಿಮೆಂಟ್ ತೊಟ್ಟಿಯನ್ನೋ ಇಡಿ. ಎಲೆ ಸುಡಬೇಡಿ. ನೀರಿನ ಸಂಪಿನೊಳಗೆ ಬಿದ್ದ ಕಪ್ಪೆ ಹತ್ತಿಬರಲು ಒಂದು ಕೋಲು ಇಳಿಬಿಡಿ. ಬೇರೆ ಕೆರೆಯ ಗೊದಮೊಟ್ಟೆಯನ್ನು ಹಿಡಿದು ತರಬೇಡಿ, ಅದರ ಜೊತೆ ರೋಗವೂ ಬಂದೀತು. ಬರಬೇಕಾದ ಕಪ್ಪೆ ತಾನಾಗಿ ಬರುತ್ತದೆ. ಮೊದಲ ಮಳೆಯ ರಾತ್ರಿ ಕೆರೆಯಂಚಿನ ರಸ್ತೆಯಲ್ಲಿ ಗಾಡಿ ನಿಧಾನಕ್ಕೆ ಓಡಿಸಿ. ನಮ್ಮ ಹುಡುಗ ಈ ವರ್ಷ ಪಕ್ಕದ ಮೂರು ಮನೆಯವರನ್ನು ಒಪ್ಪಿಸಿ ಅವರ ಹಿತ್ತಲಿನಲ್ಲೂ ತೊಟ್ಟಿ ಇಡಿಸಿದ್ದಾನೆ. ಸೊಳ್ಳೆಮರಿ ಎತ್ತುವ ಜಾಲರಿಯನ್ನೂ ತಾನೇ ಕೊಂಡು ಹಂಚಿದ್ದಾನೆ. ಕಪ್ಪೆ ಸಾಕುವುದು ಹೇಗೆಂದು ಯಾರಾದರೂ ಕೇಳಿದರೆ ಈಗ ನಾನು ಅವನ ಹತ್ತಿರವೇ ಕಳಿಸುತ್ತೇನೆ.